ಭಾನುವಾರದ ಕಡಲು

ವಿದೇಶದವನು ಮೀನಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ, ಎಲ್ಲರೂ ಒಟ್ಟಿಗೆ ಉಣ್ಣುತ್ತಿದ್ದ ದೊಡ್ಡ ಬಟ್ಟಲಿನ ತನ್ನ ಕಡೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಎದುರು ಕಾಲು ಮಡಚಿ ಕೂತಿದ್ದ ಲಝರನಿಗೆ, ಆ ಸಾಲು ಉದ್ದವಾದಷ್ಟೂ ತನ್ನ ಮೇಲೆ ಯಾರೋ ದೂರು ಬರೆಯುತ್ತಿದ್ದಾರೆ ಅನ್ನಿಸಿತು. ಕರೆತಂದವನು ತಾನೇ. ಬೆಳಿಗ್ಗೆ ಊರಾಚೆಯ ರಸ್ತೆಯಲ್ಲಿ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿಕೊಂಡು, ಮುರಿದ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದವನನ್ನು ನೋಡಿ, ಇವತ್ತು ಭಾನುವಾರ, ಯಾವ ಅಂಗಡಿಯೂ ತೆಗೆದಿರೋದಿಲ್ಲ, ನಮ್ಮಲ್ಲಿ ಊಟ ಮಾಡಿ ಮಲಗಿದ್ದು ನಾಳೆ ಹೋಗಿ ಅಂದಿದ್ದ. ಹಾಗೆ ಅಂದಾಗ ಎದೆ ತುಂಬಿ ಬಂದಿತ್ತು. ಎದುರು ಸಿಕ್ಕವರು ಇವರಿಬ್ಬರನ್ನು ನೋಡುತ್ತಿದ್ದರು. ಲಝರ್ ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಫ್ರೆಂಚ್ ಮಾತಾಡಿದ್ದ. ಹೆಸರು ಯೋಸ್ಟ್, ಊರು ಹಾಲೆಂಡಿನಲ್ಲೆಲ್ಲೋ, ಆಸ್ಪತ್ರೆಯೊಂದರಲ್ಲಿ ನರ್ಸ್, ನಾಲ್ಕು ತಿಂಗಳಿಂದ ಕಡಲಂಚನ್ನೇ ಹಿಡಿದು ಸೈಕಲ್ ತುಳಿಯುತ್ತ ಬಂದಿದ್ದಾನೆ ಎಂಬಿಷ್ಟು ಬೀದಿಯ ತಿರುವಿನ ಹೊತ್ತಿಗೆ ತಿಳಿದಿತ್ತು. ತಿರುವಿನಲ್ಲಿ ಅವನು ಕೊರಳಿನ ಬಟ್ಟೆಯನ್ನು ಮೂಗಿಗೆ ಏರಿಸಿ, ಲಝರ್ ತನ್ನನ್ನೇ ನೋಡುತ್ತಿದ್ದಾನೆಂದು ತಿಳಿದ ಕೂಡಲೆ ಇಳಿಸಿಬಿಟ್ಟಿದ್ದ. ಏರಿಸಿದ್ದಕ್ಕಿಂತ ಇಳಿಸಿದ್ದೇ ಲಝರನಿಗೆ ಹೆಚ್ಚು ಚುಚ್ಚಿತ್ತು. ಊರಿಗೊಂದು ವಾಸನೆ ಇದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

"ಮೀನು ತುಂಬ ಚೆನ್ನಾಗಿದೆ," ಎಂದ ಯೋಸ್ಟ್. "ಇಲ್ಲಿಯದೇನಾ?"

"ನಮ್ಮ ಕಡಲಿಂದೇ," ಎಂದ ಲಝರ್.

ಲಝರನ ಹೆಂಡತಿ ಉಮ್ಹಾನಿ ನೀರಿನ ಹೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವಳು. ಅವಳ ಫ್ರೆಂಚ್ ಗಂಡನದಕ್ಕಿಂತ ನೀಟು. "ಇಲ್ಲ ಇಲ್ಲ, ದಕ್ಷಿಣದಿಂದ ವ್ಯಾನಲ್ಲಿ ಬರುತ್ತೆ. ಇಲ್ಲಿಯದನ್ನ ಬೆಕ್ಕು ಕೂಡ ಮೂಸಲ್ಲ," ಎಂದು ನಕ್ಕಳು. ಯೋಸ್ಟ್ ನಗಲಿಲ್ಲ. ತಲೆದೂಗಿ ಇನ್ನೊಂದು ಮುಳ್ಳನ್ನು ಸಾಲಿಗೆ ಸೇರಿಸಿದ. ಲಝರನ ತಂದೆ ಮಬ್ರೂಕ್, ಎಪ್ಪತ್ತಾರು ದಾಟಿದವನು, ಫ್ರೆಂಚಿನಲ್ಲಿ ನಮಸ್ಕಾರವೂ ಬಂದರಿನ ನಾಲ್ಕು ಬೈಗುಳವೂ ಬಿಟ್ಟರೆ ಬೇರೆ ಬಾರದವನು, ತಲೆ ತಗ್ಗಿಸಿ ಕುಸ್ಕುಸ್ ರವೆಯನ್ನು ಉಂಡೆ ಕಟ್ಟುತ್ತಿದ್ದ. ಅತಿಥಿಯ ಮುಂದಿನ ಬಟ್ಟಲಿನ ಭಾಗ ಖಾಲಿಯಾದಂತೆಲ್ಲ ಮೀನಿನ ಒಳ್ಳೆಯ ತುಂಡುಗಳನ್ನು ಬೆರಳಲ್ಲಿ ಅತ್ತ ನೂಕುತ್ತಿದ್ದ.

ಅಡಿಗೆಮನೆಯಲ್ಲಿ ಲಝರ್ ದನಿ ತಗ್ಗಿಸಿ, "ಅವನ ಮುಂದೆ ಹಾಗೆ ಅನ್ನಬೇಕಿತ್ತಾ?" ಎಂದ.

"ಸುಳ್ಳು ಹೇಳಿದೋನು ನೀನು. ನನ್ನನ್ನ ಕೇಳ್ತೀಯಲ್ಲ."

"ಬಂದೋರ ಮುಂದೆ ಊರಿನ ಮಾನ ಅಂತ ಒಂದಿರುತ್ತೆ, ಉಮ್ಹಾನಿ."

"ಊರಿನ ಮಾನ ನನ್ನ ಬಾಯಲ್ಲಿದೆಯಾ? ವಾರಾ ವಾರಾ ಬಾಟ್ಲಿ ತುಂಬ್ಕೊಂಡ್ ಬರ್ತೀಯಲ್ಲ, ಅದರಲ್ಲಿದೆ. ಸರಿ, ಆ ಗ್ಲಾಸು ಕೊಡು ಇಲ್ಲಿ, ಚಾ ಆರ್‍ತಿದೆ."

ಅವಳಿಗೆ ಬಾಟಲಿಗಳ ವಿಷಯ ಗೊತ್ತು, ಅಂಕಿಗಳ ವಿಷಯ ಗೊತ್ತಿಲ್ಲ. ಗ್ಲಾಸು ಕೊಡುತ್ತ ಲಝರ್ ಅವಳ ಮುಖವನ್ನು ನೋಡಲಿಲ್ಲ. ಹನ್ನೊಂದು ವರ್ಷದಿಂದ ರಸಗೊಬ್ಬರ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪ್ರತಿ ಗುರುವಾರ ದಂಡೆಯ ಆರು ಕಡೆ ನೀರು ತುಂಬಿಸಿ ತಂದು, ಅಳೆದು, ಮೊದಲು ಪೆನ್ಸಿಲ್ಲಿನಲ್ಲಿ ಬರೆಯುತ್ತಾನೆ. ಆ ಹಾಳೆ ಒಳಕೋಣೆಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಮರಳುತ್ತದೆ. ಕೆಲವು ಅಂಕಿಗಳ ಪಕ್ಕ ಸಣ್ಣ ಚುಕ್ಕೆ ಇರುತ್ತದೆ. ಆಮೇಲೆ ಅವನು ಪೆನ್ನಿನಲ್ಲಿ ಬರೆಯುತ್ತಾನೆ. ಚುಕ್ಕೆ ಬಿದ್ದಲ್ಲಿ ಏನು ಬರೆಯಬೇಕೆಂದು ಯಾರೂ ಅವನಿಗೆ ಬಾಯಿಬಿಟ್ಟು ಹೇಳಿಲ್ಲ. ಒಂದೇ ಒಂದು ಸಲ ಎಲ್ಲರೂ ಮರ್ಯಾದೆಗೆ ಸಿ ತಿಜಾನಿ ಎನ್ನುವ ಹಿರಿಯ ಅಧಿಕಾರಿ ಹೆಗಲ ಮೇಲೆ ಕೈಯಿಟ್ಟು, "ಸಮುದ್ರ ಎಷ್ಟು ದೊಡ್ಡದು ಲಝರ್, ನಿನ್ನ ಬಾಟ್ಲಿ ಎಷ್ಟು ಚಿಕ್ಕದು," ಅಂದಿದ್ದ. ಜೊತೆಗೆ ಕೆಲಸ ಮಾಡುತ್ತಿದ್ದ ಮುಂಜಿ ಮಾತ್ರ ಪೆನ್ಸಿಲ್ಲಿನದನ್ನೇ ಪೆನ್ನಿನಲ್ಲೂ ಬರೆದ. ಆ ವಾರವೇ ಮರಳುಗಾಡಿನ ಗಣಿಗೆ ವರ್ಗವಾಯಿತು. ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ಹೋಗಿದ್ದ ಲಝರ್ ಬಸ್ಸು ಹೊರಡುವ ತನಕ ಎದುರಿನ ಕಾಫಿ ಅಂಗಡಿಯ ಕಂಬದ ಹಿಂದೆಯೇ ನಿಂತಿದ್ದ. ಭಾನುವಾರದ ವಿಷಯವಂತೂ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲೂ ಇಲ್ಲ. ಭಾನುವಾರ ಯಾರೂ ನೀರು ತುಂಬುವುದಿಲ್ಲ. ಅದಕ್ಕೇ ಭಾನುವಾರ ಇಳಿಹೊತ್ತಿನ ಅಸರ್ ಬಾಂಗಿನ ನಂತರ ಕಾರ್ಖಾನೆಯ ಎರಡನೆಯ ತೂಬು ಎತ್ತುತ್ತಾರೆ. ವಾರವಿಡೀ ಕಟ್ಟಿಟ್ಟ ಆಮ್ಲದ ಕೆಸರು ಹಬೆಯಾಡುತ್ತ ಹಳೇ ದೋಣಿಗಳ ದಂಡೆಯ ಪಕ್ಕದಲ್ಲೇ ಕಡಲಿಗೆ ಬೀಳುತ್ತದೆ. ಇದು ಒಳಗಿನ ಏಳೆಂಟು ಜನಕ್ಕೆ ಗೊತ್ತು. ಆ ಏಳೆಂಟು ಜನರಲ್ಲಿ ತಾನೂ ಒಬ್ಬನೆಂಬುದು ಲಝರನಿಗೆ ಊಟದ ಹೊತ್ತಿನಲ್ಲಿ, ಮಲಗುವಾಗ, ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು, ಮತ್ತೆ ಹೋಗುತ್ತಿತ್ತು.

ಚಾ ಕುಡಿದ ಮೇಲೆ ಯೋಸ್ಟ್, "ಕಡಲನ್ನು ನೋಡಬಹುದಾ?" ಎಂದು ಕೇಳಿದ. ಲಝರ್ ಗಡಿಯಾರ ನೋಡಿಕೊಂಡ. ಮೂರೂಕಾಲು. ಖರ್ಜೂರದ ತೋಟಕ್ಕೆ ಹೋಗೋಣ, ನೆರಳಿದೆ ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಕಡಲಿನ ಊರಿನವನು ಕಡಲು ಬೇಡ ಅಂದರೆ ಅದೇ ಒಪ್ಪಿಕೊಂಡಂತಲ್ಲವೆ? ಹೋಗಿ ಒಂದು ಸುತ್ತು ಹಾಕಿ ಬಾಂಗಿನ ಒಳಗೆ ಬಂದರಾಯಿತು. ಮಬ್ರೂಕ್ ಕೂಡ ಎದ್ದ. ದಿನಾ ಆ ಹೊತ್ತಿಗೆ ಅವನು ದಂಡೆಗೆ ಹೋಗಿ ಕವಚಿಟ್ಟ ತನ್ನ ದೋಣಿಯ ಪಕ್ಕ ಕೂರುತ್ತಾನೆ. ಮೂವರೂ ಹೊರಟರು. ಮುದುಕ ಮುಂದೆ, ಅತಿಥಿ ನಡುವೆ, ಹಿಂದೆ ಲಝರ್.

ದಂಡೆಯಲ್ಲಿ ಯಾರೂ ಇರಲಿಲ್ಲ. ಗಾಳಿ ಬಿದ್ದುಹೋಗಿ ಕಾರ್ಖಾನೆಯ ಮೂರು ಕೊಳವೆಗಳ ಹಳದಿ ಹೊಗೆ ಮೇಲೇರದೆ ಮನೆಗಳ ಮಾಳಿಗೆಯ ಮಟ್ಟದಲ್ಲೇ ನೀರಿನ ಕಡೆಗೆ ಚಾಚಿಕೊಂಡಿತ್ತು. ಬೂದಿ ಬಣ್ಣದ ಮರಳು ಕಾಲಿಟ್ಟಲ್ಲಿ ಒಡೆದು ಕೆಳಗಿನ ಕಪ್ಪನ್ನು ತೋರಿಸುತ್ತಿತ್ತು. ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿ, ದಡಕ್ಕೆ ಬಡಿಯದೆ, ಬಂದು ಸುಮ್ಮನೆ ನಿಂತು ಹಿಂದೆ ಸರಿಯುತ್ತಿತ್ತು. ಒಂದೇ ಒಂದು ಹಕ್ಕಿ ಇಲ್ಲ. ಇದನ್ನೆಲ್ಲ ಗುರುವಾರ ಗುರುವಾರ ನೋಡುವ ಲಝರ್ ಈಗ ವಿದೇಶದವನ ಕಣ್ಣಿನ ಜೊತೆ ಕಣ್ಣು ಹೊರಳಿಸುತ್ತ, ಅವನ ದೃಷ್ಟಿ ಎಲ್ಲಿ ನಿಂತರೂ ಅಲ್ಲಿ ಮೈ ಉರಿದಂತಾಗಿ, ಇವನು ಬಾರದಿದ್ದರೆ ಇದೆಲ್ಲ ಇಷ್ಟು ಕೆಟ್ಟಿರುತ್ತಿರಲಿಲ್ಲ ಎಂದು ಒಂದು ಕ್ಷಣ ನಿಜವಾಗಿಯೂ ನಂಬಿದ.

ಯೋಸ್ಟ್ ಬಾಗಿ ಒಂದು ಹಿಡಿ ಮರಳೆತ್ತಿ ನೋಡಿದ. ಆಮೇಲೆ, "ಕ್ಷಮಿಸಿ, ನಿಮ್ಮ ಮನೆಯಲ್ಲಿ ಉಂಡವನು ಹೀಗನ್ನಬಾರದು. ನಾಲ್ಕು ತಿಂಗಳಲ್ಲಿ ಇಷ್ಟು ಹಾಳಾದ ಕಡಲನ್ನು ನಾನು ನೋಡಿಲ್ಲ," ಎಂದ.

"ಹಾಳು ಅನ್ನೋದು ಸುಲಭ," ಎಂದ ಲಝರ್. ದನಿ ತಾನೆಣಿಸಿದ್ದಕ್ಕಿಂತ ಎತ್ತರಕ್ಕೆ ಹೋಯಿತು. "ಈ ಕಾರ್ಖಾನೆ ಇಲ್ದಿದ್ರೆ ಈ ಊರಲ್ಲಿ ಅರ್ಧ ಒಲೆ ಹತ್ತಲ್ಲ. ಇಲ್ಲಿಂದ ಹಡಗು ಎಲ್ಲಿಗೆ ಹೋಗುತ್ತೆ ಗೊತ್ತಾ? ನಿಮ್ಮಲ್ಲಿಗೇ. ನಿಮ್ಮ ಹೊಲಕ್ಕೆ ಹಾಕೋ ಗೊಬ್ಬರ ಎಲ್ಲಿಂದ ಬರುತ್ತೆ ಅಂದ್ಕೊಂಡ್ರಿ? ನಿಮ್ಮ ಆಲೂಗಡ್ಡೆ, ನಿಮ್ಮ ಹೂವು. ಬಿಳೀದು ನಿಮಗೆ, ಕೆಸರು ನಮಗೆ. ಆಮೇಲೆ ಸೈಕಲ್ ಮೇಲೆ ಬಂದು ಮೂಗು ಮುಚ್ಕೋತೀರಿ."

ಯೋಸ್ಟ್ ವಾದಿಸಲಿಲ್ಲ. ತುಸು ಕೆಂಪಾಗಿ, "ನಿಜ. ಅದನ್ನು ನಾನು ಯೋಚಿಸಿರಲಿಲ್ಲ. ನೀವು ಹೇಳಿದ್ದು ಸರಿ," ಎಂದ. ಲಝರನಿಗೆ ಕಾಲಡಿಯ ಮೆಟ್ಟಿಲು ತಪ್ಪಿದಂತಾಯಿತು. ಅವನು ಜಗಳಾಡಿದ್ದರೆ ಎಷ್ಟು ಚೆನ್ನಾಗಿತ್ತು. "ಆದರೆ ಇಲ್ಲಿ ಬದುಕೋರು ನೀವು," ಎಂದು ಯೋಸ್ಟ್ ಮೆತ್ತಗೆ ಮುಂದುವರಿಸಿದ. "ನಿಮ್ಮಲ್ಲಿ ಯಾರೂ ಏನೂ ಅನ್ನಲ್ವಾ? ನಮ್ಮಲ್ಲಾಗಿದ್ರೆ ಜನ ರಸ್ತೆಗೆ ಅಡ್ಡ ಮಲಗಿಬಿಡ್ತಿದ್ರು. ನೀವು ಒಳ್ಳೆ ಜನ. ಈ ದೇಶದಲ್ಲಿ ಎಲ್ಲರೂ ನನ್ನನ್ನ ಕರೆದು ಊಟ ಹಾಕಿದ್ರು. ಬಹುಶಃ ಅದೇ ತೊಂದರೆ. ತುಂಬ ಒಳ್ಳೆಯವರು, ಎಲ್ಲಾನೂ ತಡ್ಕೋತೀರಿ."

ಲಝರನಿಗೆ ಬೀಳ್ಕೊಡಲು ಹೋದ ದಿನ ನೆನಪಾಯಿತು. ಬಸ್ಸಿನ ಕಿಟಕಿಯಲ್ಲಿ ಮುಂಜಿ ಯಾರನ್ನೋ ಹುಡುಕುವವನಂತೆ ನಿಲ್ದಾಣವನ್ನೆಲ್ಲ ನೋಡುತ್ತಿದ್ದ. ಕಾಫಿ ಅಂಗಡಿಯವನು, "ಒಳಗೆ ಬಂದು ಕೂರಬಾರದೇ, ಸಿ ಲಝರ್? ಕಂಬದ ಹಿಂದೆ ಯಾಕೆ ನಿಂತಿದ್ದೀರಿ?" ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿದ್ದ. ಲಝರ್ ಯೋಸ್ಟನ ಕಡೆ ತಿರುಗಿ ಕೆಮ್ಮಿದ. "ಅಷ್ಟೇನೂ ಕೆಟ್ಟಿಲ್ಲ," ಎಂದ. "ಬಣ್ಣ ನೋಡಿ ಹೇಳ್ತೀರಿ ನೀವು. ಇದು ಕೆಳಗಿನ ಮಣ್ಣಿನ ಬಣ್ಣ. ನಾವು ಇಲ್ಲಿ ಈಜ್ತೀವಿ."

"ಇಲ್ಲಿ?"

"ಇಲ್ಲೇ. ದಿನಾ."

ಯೋಸ್ಟ್ ಅವನನ್ನು ನೋಡಿದ. ನಂಬದ ನೋಟವಲ್ಲ, ನಂಬಲು ಪ್ರಯತ್ನಿಸುವ ನೋಟ, ಹಾಸಿಗೆ ಹಿಡಿದ ರೋಗಿ ನನಗೇನೂ ಆಗಿಲ್ಲ ಅಂದಾಗ ನರ್ಸ್ ನೋಡುವಂಥದು. ಲಝರನಿಗೆ ಅದನ್ನು ತಡೆಯಲಾಗಲಿಲ್ಲ. ದೋಣಿಗೆ ಒರಗಿ ಕೂತಿದ್ದ ತಂದೆಯ ಕಡೆಗೆ ತಿರುಗಿ ತಮ್ಮ ಮಾತಿನಲ್ಲಿ ಕೂಗಿದ: "ಬಾಬಾ, ನಾವು ಇಲ್ಲಿ ಈಜ್ತೀವಲ್ವಾ?"

"ಏನಂತೆ ಅವನದು?"

"ಈ ನೀರಿಗೆ ಕಾಲಿಡೋಕೂ ಆಗಲ್ಲ ಅಂತಾನೆ. ನಮ್ಮ ಕಡಲು ಸತ್ತಿದೆ ಅಂತಾನೆ. ನಾವು ದಿನಾ ಈಜ್ತೀವಿ ಅಂದೆ."

ಮುದುಕ ಮಗನನ್ನು ದಿಟ್ಟಿಸಿದ. "ದಿನಾ ಅಂದ್ಯಾ?"

"ಹ್ಞೂ."

"ಹಂಗಾದ್ರೆ ಸರಿ," ಎಂದು ಮಬ್ರೂಕ್ ದೋಣಿಯನ್ನು ಹಿಡಿದು ಎದ್ದು ನಿಂತ. ಟೊಪ್ಪಿಗೆ ತೆಗೆದು ದೋಣಿಯ ಬೆನ್ನಿನ ಮೇಲಿಟ್ಟ. ಅಂಗಿಯನ್ನು ತಲೆಯ ಮೇಲಿಂದ ಕಳಚಿ ಮಡಚಿ ಅದರ ಪಕ್ಕ ಇಟ್ಟ. ಮೊಣಕಾಲಿನವರೆಗಿನ ಚಲ್ಲಣವೊಂದು ಉಳಿಯಿತು. ಎದೆಯ ಬಿಳಿಕೂದಲು, ಒಣಗಿ ಜೋತ ಹೆಗಲು. ಎರಡು ವರ್ಷದ ಹಿಂದೆ ಹಬ್ಬಕ್ಕೆ ಹೊಸ ಅಂಗಿ ತೊಡಿಸಿದ ಮೇಲೆ ತಂದೆಯ ಬರಿಮೈಯನ್ನು ಲಝರ್ ನೋಡಿರಲಿಲ್ಲ. ತಮಾಷೆ ಮಾಡುತ್ತಿದ್ದಾನೆ, ದಡದಲ್ಲಿ ಪಾದ ತೋಯಿಸಿ ಬರುತ್ತಾನೆ ಅಂದುಕೊಂಡ. ಮುದುಕ ವಿದೇಶದವನ ಮುಂದೆ ಹಾದುಹೋಗುತ್ತ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ. ನಂತರ ನೇರ ನೀರಿಗಿಳಿದ. ಮೊಣಕಾಲು, ತೊಡೆ, ಸೊಂಟ. ಅಲ್ಲಿ ಒಂದು ಕ್ಷಣ ನಿಂತು, ಬಾಗಿ, ಮುಂದಕ್ಕೆ ಚಾಚಿ ಈಜತೊಡಗಿದ.

"ಅಬ್ಬಾ, ನಿಮ್ಮ ತಂದೆ ಎಷ್ಟು ಚೆನ್ನಾಗಿ ಈಜ್ತಾರೆ," ಎಂದ ಯೋಸ್ಟ್.

ಹೌದು, ಚೆನ್ನಾಗಿ ಈಜುತ್ತಿದ್ದ. ತಲೆ ಮಾತ್ರ ಮೇಲೆ, ಉಳಿದದ್ದೆಲ್ಲ ಕೆಳಗೆ, ಸದ್ದಿಲ್ಲದೆ. ಲಝರ್ ಚಿಕ್ಕವನಿದ್ದಾಗಲೂ ಇದೇ ದಂಡೆ, ಇದೇ ಜಾಗ. ತಳದ ಹುಲ್ಲು ಕಾಣುವಷ್ಟು ತಿಳಿಯಾಗಿದ್ದ ನೀರಿನಲ್ಲಿ ಹೊಟ್ಟೆಯ ಕೆಳಗೆ ಒರಟಾದ ಅಂಗೈ, ಕಿವಿಯ ಹತ್ತಿರ ಬಾಬಾನ ನಗು. ಕೈ ತೆಗೆದು ಆಗಲೇ ಎಷ್ಟು ಹೊತ್ತಾಯಿತೋ ಪೆದ್ದ, ನೀನೇ ತೇಲ್ತಿದೀಯ. ಆ ಮಾತು ಕೇಳಿದ ಕೂಡಲೆ ಮುಳುಗಿ ಉಪ್ಪುನೀರು ಕುಡಿದದ್ದು, ಎತ್ತಿ ಹೆಗಲಿಗೆ ಹಾಕಿಕೊಂಡದ್ದು. ಆಗ ಈ ದಂಡೆಯವರೆಲ್ಲ ಬಾಬಾನನ್ನು ಆಕ್ಟೋಪಸ್ಸಿನ ಮಬ್ರೂಕ್ ಅನ್ನುತ್ತಿದ್ದರು. ರಾತ್ರಿ ಮಣ್ಣಿನ ಮಡಕೆಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಬೆಳಿಗ್ಗೆ ಎಳೆದರೆ ಒಂದೊಂದರಲ್ಲೂ ಒಂದೊಂದು ಸುರುಳಿ ಸುತ್ತಿಕೊಂಡಿರುತ್ತಿತ್ತು. ಕಾರ್ಖಾನೆಗೆ ಅರ್ಜಿ ಹಾಕಬೇಡವೆಂದು ಬಾಬಾ ಅಂದಿರಲಿಲ್ಲ. ಹಾಕು ಅಂತಲೂ ಅಂದಿರಲಿಲ್ಲ. ಮೊದಲನೆಯ ಗುರುವಾರ ಮಗ ಬಾಟಲಿಗಳ ಪೆಟ್ಟಿಗೆ ಹಿಡಿದು ದಂಡೆಗೆ ಬಂದಾಗ ದೋಣಿಯಿಂದೆದ್ದು ಮನೆಗೆ ಹೋಗಿದ್ದ, ಅಷ್ಟೆ.

ಆಗ ಅಸರ್ ಬಾಂಗು ಕೇಳಿಸಿತು. ಮೊದಲು ದೊಡ್ಡ ಮಸೀದಿಯದು, ಆಮೇಲೆ ಕಾರ್ಖಾನೆಯ ಕಾಲೋನಿಯದು, ಒಂದರ ಬೆನ್ನಿಗೆ ಒಂದು. ಲಝರನ ಕೈ ತಾನಾಗಿ ಗಡಿಯಾರದ ಮೇಲೆ ಹೋಯಿತು. ಕರೆಯಬೇಕು. ಬಾಯಿ ತೆರೆದರಾಯಿತು, ಬಾಬಾ ಬಂದುಬಿಡಿ ಎಂದು ಎರಡೇ ಶಬ್ದ. ಆದರೆ ಕರೆದರೆ ಇವನು ಯಾಕೆಂದು ಕೇಳುತ್ತಾನೆ. ಕೇಳದಿದ್ದರೂ ಆ ಮೆತ್ತನೆಯ ಕಣ್ಣಿನಲ್ಲಿ ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ, ಹಾಲೆಂಡಿಗೆ ಹೋಗಿ ಊಟದ ಮೇಜಿನ ಸುತ್ತ ಕೂತವರಿಗೆ ಹೇಳುತ್ತಾನೆ, ಅವರೆಲ್ಲ ತಲೆದೂಗುತ್ತಾರೆ. ತೂಬನ್ನು ಎತ್ತುವವನು ಮೊದಲು ನಮಾಜು ಮಾಡುತ್ತಾನೆ. ಅದಕ್ಕೆ ಹತ್ತು ನಿಮಿಷ. ಆಮೇಲೆ ಚಾ ಕುಡಿಯುತ್ತಾನೆ. ತಡವಾಗಲಿ, ನಮ್ಮ ದೇಶದಲ್ಲಿ ಯಾವುದು ತಾನೆ ಹೊತ್ತಿಗೆ ಸರಿಯಾಗಿ ಆಗಿದೆ! ಹೀಗೆ ಅಂದುಕೊಂಡವನು ಅಂದುಕೊಂಡದ್ದರ ಅರ್ಥ ಹೊಳೆದು ಬೆವೆತ. ಎಡಗಡೆ, ಕಲ್ಲಿನ ಕಟ್ಟೆಯ ಆಚೆ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬಂತು. ಭ್ರಮೆಯಿರಬಹುದು. ಸ್ವಲ್ಪ ಹೊತ್ತಿಗೆ ಅಲ್ಲಿ ನೀರಿನ ಮೇಲೆ ತೆಳುವಾದ ಬಿಳಿ ಆವಿ ಎದ್ದು, ಚಹಾ ಬಣ್ಣದೊಳಗೆ ಇನ್ನೊಂದು ದಪ್ಪನೆಯ ಬಣ್ಣ ಸದ್ದಿಲ್ಲದೆ ಹರಡಿಕೊಂಡು ಬರತೊಡಗಿತು. ತಂದೆಯ ತಲೆ ಅದರ ದಾರಿಯಲ್ಲೇ ತೇಲುತ್ತಿತ್ತು. ಲಝರ್ ನೋಡುತ್ತ ನಿಂತ. ಎಷ್ಟು ಹೊತ್ತು ನಿಂತೆ ಎಂದು ಆಮೇಲೆ ಅವನು ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡ. ಒಂದು ನಿಮಿಷವೆಂದು ಒಮ್ಮೆ, ನಾಲ್ಕೆಂದು ಒಮ್ಮೆ. ಹೆದರಿಕೆಯಿಂದ ಕಾಲು ಕಟ್ಟಿಹೋಗಿತ್ತು ಅನ್ನುವ ಹಾಗಿರಲಿಲ್ಲ. ಕಾಲು ಚೆನ್ನಾಗಿಯೇ ಇತ್ತು. ಕಾಲಿನ ಭಾರ ಒಂದರಿಂದ ಇನ್ನೊಂದಕ್ಕೆ ಬದಲಿಸಿದ್ದೂ ಅವನಿಗೆ ನೆನಪಿದೆ.

ಪಕ್ಕದಲ್ಲಿ ಯೋಸ್ಟ್ ನಕ್ಕ. ಹೊರೆ ಇಳಿಸಿದವನ ನಗು. "ನನ್ನದು ತಪ್ಪಾಯ್ತು, ಸಿ ಲಝರ್. ನಾನು ಬಂದವನು, ಬಣ್ಣ ನೋಡಿ ಮಾತಾಡಿಬಿಟ್ಟೆ. ನಿಮ್ಮ ತಂದೆ ನನಗೆ ಸರಿಯಾಗಿ ಉತ್ತರ ಕೊಟ್ಟರು." ಲಝರ್ ತಿರುಗಿ ನೋಡುವಷ್ಟರಲ್ಲಿ ಅವನ ಬೂಟು ಮರಳಿನ ಮೇಲಿತ್ತು, ಒಳಗೆ ಕಾಲುಚೀಲ ತುರುಕಿತ್ತು. ಅಂಗಿಯನ್ನೂ ಕಳಚಿ ಎಸೆದು, ಬಿಸಿಲಿಗೆ ಸುಟ್ಟ ಕತ್ತಿನ ಕೆಳಗೆ ಹಾಲಿನಂತೆ ಬೆಳ್ಳಗಿದ್ದ ಬೆನ್ನು ತೋರಿಸುತ್ತ ಅವನು ನೀರಿಗಿಳಿದ. ಲಝರ್ ಗೆದ್ದಿದ್ದ. ಗೆಲುವು ಇಷ್ಟು ಸುಲಭವಾಗಿ ಮೊಣಕಾಲುದ್ದದ ನೀರಿನಲ್ಲಿ ನಡೆದು ಹೋಗುತ್ತಿತ್ತು.

ಕಡಲ ಒಳಗಿಂದ ಮಬ್ರೂಕನ ದನಿ ಬಂತು. ಈಜು ನಿಲ್ಲಿಸಿ ಎದೆಮಟ್ಟದ ನೀರಿನಲ್ಲಿ ಎದ್ದು ನಿಂತಿದ್ದ. "ಲಝರ್! ಅವನ್ಯಾಕೋ ಇಳೀತಿದಾನೆ?"

ಲಝರ್ ಯೋಸ್ಟನ ಬೆನ್ನನ್ನೇ ನೋಡುತ್ತಿದ್ದ.

"ಮನೆಗೆ ಬಂದೋನು ಕಣೋ! ನಮ್ಮ ಉಪ್ಪು ತಿಂದಿದಾನೆ. ಅವನಿಗೆ ಬೇಡ ಅನ್ನು. ನಂಗೆ ಅವನ ಮಾತು ಬರಲ್ಲ, ನೀನ್ ಹೇಳು. ಹೇಳೋ!"

ಆಗ ಲಝರ್ ಕೂಗಿದ. ಫ್ರೆಂಚಿನಲ್ಲಿ ಕೂಗಿದ, ವ್ಯಾಕರಣವೆಲ್ಲ ಮುರಿದು. ಹೊರಗೆ ಬನ್ನಿ, ಈಗಲೇ, ಮುಖಕ್ಕೆ ತಾಗಿಸಬೇಡಿ, ಅವರು ತೂಬು ಎತ್ತಿದ್ದಾರೆ, ಆಮ್ಲ, ಭಾನುವಾರ ಭಾನುವಾರ ಎತ್ತುತ್ತಾರೆ, ನಾನು ಅಲ್ಲಿ ಕೆಲಸ ಮಾಡುತ್ತೇನೆ, ನಾನೇ ಅಳೆಯುತ್ತೇನೆ, ನನಗೆ ಗೊತ್ತು. ಕೊನೆಯ ಮಾತನ್ನು ಎರಡು ಸಲ ಹೇಳಿದ. ಯೋಸ್ಟ್ ತೊಡೆಮಟ್ಟದ ನೀರಿನಲ್ಲಿ ನಿಂತುಬಿಟ್ಟ. ಲಝರನನ್ನು ನೋಡಿದ, ಆವಿಯನ್ನು ನೋಡಿದ, ತಿರುಗಿ ಮುದುಕನನ್ನು ನೋಡಿದ. ದಡಕ್ಕೆ ಬರಲಿಲ್ಲ. ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಒಳಕ್ಕೇ ಹೋದ. ಬೂಟು ಹಾಕಿಕೊಂಡೇ ನೀರಿಗೆ ನುಗ್ಗಿದ ಲಝರ್ ತಲುಪುವ ಹೊತ್ತಿಗೆ ಅವನು ಮುದುಕನ ಕಂಕುಳಿಗೆ ಕೈಕೊಟ್ಟು ಎಳೆದು ತರುತ್ತಿದ್ದ. ಲಝರ್ ಇನ್ನೊಂದು ತೋಳನ್ನು ಹಿಡಿಯಲು ಹೋದ. ಮಬ್ರೂಕ್ ತೋಳನ್ನು ಕೊಡವಿಕೊಳ್ಳಲಿಲ್ಲ; ಆದರೆ ಅದರಲ್ಲಿ ಹಿಡಿಸಿಕೊಳ್ಳುವ ಬಿಗಿಯೂ ಇರಲಿಲ್ಲ, ಬೇರೆ ಯಾರದೋ ತೋಳಿನಂತೆ ಕೈಯಲ್ಲಿ ಸುಮ್ಮನೆ ಇತ್ತು.

ದೋಣಿಗಳ ಹಿಂದೆ ಬೆಸ್ತರು ಬಲೆ ತೊಳೆಯುತ್ತಿದ್ದ ಕಾಲದ ಸಿಹಿನೀರಿನ ನಲ್ಲಿ ಇನ್ನೂ ಇತ್ತು. ಯೋಸ್ಟ್ ಮುದುಕನನ್ನು ಅದರ ಕಲ್ಲಿನ ಮೇಲೆ ಕೂರಿಸಿ ಅಲ್ಲಿದ್ದ ಡಬ್ಬದಿಂದ ನೀರು ಹೊಯ್ದ, ಕಣ್ಣಿಗೆ, ಹೆಗಲಿಗೆ, ಚಲ್ಲಣದ ಮಡಿಕೆಗಳಿಗೆ. ಅವನ ಕೈಗಳು ಬೇರೆಯಾಗಿಬಿಟ್ಟಿದ್ದವು; ಸಂಕೋಚವಿಲ್ಲದೆ, ಅವಸರವಿಲ್ಲದೆ, ಆಸ್ಪತ್ರೆಯ ಕೈಗಳಾಗಿದ್ದವು. ಮಬ್ರೂಕನ ಎದೆಯಿಂದ ಕೆಳಗೆ ಚರ್ಮ ಕೆಂಪಾಗತೊಡಗಿತ್ತು. ಮೊದಲು ಅಲ್ಲಲ್ಲಿ, ನೋಡುತ್ತಿದ್ದಂತೆ ಒಂದಕ್ಕೊಂದು ಕೂಡಿಕೊಂಡು. ಲಝರನ ಬೂಟಿನೊಳಗೂ ಉರಿ ಹತ್ತಿತ್ತು. ಅದನ್ನು ಕಳಚಬೇಕು ಅನ್ನಿಸಲಿಲ್ಲ. ಡಬ್ಬ ತುಂಬಿಸಿ ತುಂಬಿಸಿ ಕೊಡುತ್ತ ನಿಂತಿದ್ದ.

ಯೋಸ್ಟ್ ಮೊಣಕಾಲೂರಿ ಮುದುಕನ ಪಾದವನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೆರಳ ಸಂದುಗಳನ್ನು ತೊಳೆಯುತ್ತ, ತಲೆಯೆತ್ತದೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದವನು ಕೇಳುವಂತೆ ಕೇಳಿದ.

"ನಿಮಗೆ ಗೊತ್ತಿತ್ತು ಅಂದ್ರಲ್ಲ. ಮತ್ತೆ ನಿಮ್ಮ ತಂದೆಯನ್ನ ಯಾಕೆ ಬಿಟ್ರಿ?"

ನಲ್ಲಿಯ ನೀರು ಡಬ್ಬ ತುಂಬಿ ಹೊರಕ್ಕೆ ಹರಿಯಿತು.

"ಏನಂತೆ?" ಎಂದ ಮಬ್ರೂಕ್.

"ಏನಿಲ್ಲ ಬಾಬಾ."

"ಏನೋ ಕೇಳಿದ ಅವನು. ನನ್ನ ವಿಷಯಾನೇ ಕೇಳಿದ. ಏನಂತೆ ಹೇಳು."

ಲಝರ್ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀರು ತಣ್ಣಗಿತ್ತಾ ಅಂತ ಕೇಳ್ತಿದಾನೆ," ಎಂದ.

ಮುದುಕ ಕೆಂಪೇರಿದ ಕಣ್ಣುಗಳಿಂದ ಮಗನನ್ನು ನೋಡಿದ. ಕಡಲಲ್ಲಿ ದೂರದ ಹಾಯಿಯನ್ನು ಗುರುತಿಸುವವರು ನೋಡುವಂತೆ, ರೆಪ್ಪೆ ಬಡಿಯದೆ, ಬಹಳ ಹೊತ್ತು.

"ಇಲ್ಲ ಅನ್ನು," ಎಂದ. "ಬೆಚ್ಚಗಿತ್ತು ಅಂತ ಹೇಳು."

ಯೋಸ್ಟ್ ತಲೆಯೆತ್ತಿ ಉತ್ತರಕ್ಕಾಗಿ ಕಾಯುತ್ತಿದ್ದ. ಮುದುಕನೂ ಕಾಯುತ್ತಿದ್ದ. ಹೇಳಿದ್ದನ್ನು ಮಗ ಹೇಳುತ್ತಾನೋ ಇಲ್ಲವೋ ಎಂದು ಅವನ ತುಟಿಗಳನ್ನೇ ನೋಡುತ್ತಿದ್ದ.

"ಬೆಚ್ಚಗಿತ್ತಂತೆ," ಎಂದ ಲಝರ್, ಫ್ರೆಂಚಿನಲ್ಲಿ.